ಕೊಯ್ದು ನೋಡದ ಸೈಲೆನ್ಸರ್

ಪರೀಕ್ಷಕರ ಕೆಲಸಕ್ಕೆ ಸೇರಿದ ಮೊದಲ ವಾರ ನಿಮ್ಮ ಕೈಗೆ ಯಾರಾದರೂ ಒಂದು ಪಟ್ಟಿ ಕೊಡುತ್ತಾರೆ. ಇಂಥ ದೋಷಕ್ಕೆ ಇಂಥ ಕಾರಣ ಎಂದು ಅದರಲ್ಲಿ ಬರೆದಿರುತ್ತದೆ. ನನಗೂ ಕೊಟ್ಟಿದ್ದರು. ಪೀಣ್ಯದ ಒಂದು ಸೈಲೆನ್ಸರ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ಮನೆಗೆ ಬಂದಿರುವ ನಾನು ಹೊಸಬರಿಗೆ ಹೇಳಬಹುದಾದದ್ದು ಇಷ್ಟೆ: ಪಟ್ಟಿ ಸುಳ್ಳಲ್ಲ, ಆದರೆ ಕಾರುಗಳು ಅದನ್ನು ಓದಿರುವುದಿಲ್ಲ.

ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಒಯ್ಯುವ ಕೊಳವೆ, ಅದರ ತುದಿಗೆ ಸದ್ದು ನುಂಗುವ ಡಬ್ಬಿ, ಇವೆರಡನ್ನು ನಾವು ಮಾಡುತ್ತಿದ್ದೆವು. ಏಳೆಂಟು ವರ್ಷ ಬಾಳಬೇಕಾದ ಡಬ್ಬಿ ಕೆಲವೊಮ್ಮೆ ಎರಡೇ ವರ್ಷಕ್ಕೆ ತುಕ್ಕು ಹಿಡಿದು ತೂತಾಗುತ್ತಿತ್ತು. ಆಗ ಕಾರು ಕಂಪನಿಯವರು ಅದನ್ನು ನಮ್ಮ ಮುಂದಿಟ್ಟು, ಇದು ಯಾರ ತಪ್ಪು ಎಂದು ಕೇಳುತ್ತಿದ್ದರು. ತಗಡು ಕೊಟ್ಟವರದ್ದೋ, ಬೆಸೆದ ನಮ್ಮದೋ, ಕಾರು ಇಟ್ಟುಕೊಂಡವರದ್ದೋ? ಅದನ್ನು ನೋಡಿ ಹೇಳುವುದು ನನ್ನ ಕೆಲಸ. ಬಹಳ ಸಲ ನನಗೆ ಗೊತ್ತಾಗಲಿಲ್ಲ. ಇದನ್ನು ಕೆಲಸದಲ್ಲಿದ್ದಾಗ ಹೇಳುವ ಧೈರ್ಯ ಇರಲಿಲ್ಲ, ಈಗ ಹೇಳುತ್ತಿದ್ದೇನೆ.

ನಾನು ದಾವಣಗೆರೆಯವಳು, ಲೋಹಶಾಸ್ತ್ರದ ಡಿಪ್ಲೊಮಾ ಮಾಡಿದವಳು. ಶಾಪ್ ಫ್ಲೋರಿನಲ್ಲಿ ಆಗ ನಾನೊಬ್ಬಳೇ ಹೆಂಗಸು. ಗಂಡಿನ ಕಡೆಯವರು ನೋಡಲು ಬಂದಾಗ ನಮ್ಮ ತಾಯಿ, 'ನಮ್ ಗಿರಿಜಾ ಕಂಪನೀಲಿ ಕೂತ್ಕೊಂಡು ಬರೆಯೋ ಕೆಲಸ ಮಾಡ್ತಾಳೆ' ಎಂದಿದ್ದರು. ಆ ವಾರವೇ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿ ನನ್ನ ಮೂರು ಜೊತೆ ಬಟ್ಟೆ ಹಾಳಾಗಿತ್ತು.

ನನ್ನ ಮೊದಲ ಮೇಲಧಿಕಾರಿ ಕುಪ್ಪುಸ್ವಾಮಿ. ಕೋಲಾರ ಚಿನ್ನದ ಗಣಿಯ ಕಡೆಯಿಂದ ಬಂದ ತಮಿಳರು, ಕೋಪ ಬಂದಾಗ ದನಿ ತಗ್ಗಿಸಿ ಮಾತನಾಡುವವರು. ಸೇರಿದ ಮೂರನೇ ವಾರ, ಲಾರಿಗೆ ಏರಿಸಲು ಜೋಡಿಸಿಟ್ಟಿದ್ದ ಡಬ್ಬಿಗಳ ತಳದಲ್ಲಿ ಕೊತ್ತಂಬರಿ ಬೀಜದಷ್ಟು ಒಂದು ತೂತು ನನ್ನ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ಇತ್ತು, ಒಂದೇ ಜಾಗದಲ್ಲಿ. ನನಗೆ ಎಲ್ಲಿಲ್ಲದ ಹುರುಪು. ಊಟದ ಗಂಟೆ ಹೊಡೆಯುವಷ್ಟರಲ್ಲಿ ವೆಲ್ಡಿಂಗಿನವರ ಬೆನ್ನು ಹತ್ತಿ ಅರವತ್ತು ಡಬ್ಬಿಗಳ ತೂತು ಮುಚ್ಚಿಸಿಬಿಟ್ಟೆ.

ಕುಪ್ಪುಸ್ವಾಮಿ ಬಂದು ನೋಡಿದರು. 'ಯಾರಮ್ಮ ಇದನ್ನ ಮುಚ್ಚಿದ್ದು?'

'ನಾನೇ ಸಾರ್. ಸೋರುತ್ತಿತ್ತು.'

'ಸೋರ್ಲಿ ಅಂತಾನೇ ಮಾಡಿರೋದು ಕಣಮ್ಮ.' ದನಿ ಬಹಳ ತಗ್ಗಿತ್ತು.

ಅಂಗಳದಲ್ಲಿ ನಿಂತಿದ್ದ ಒಂದು ಕಾರನ್ನು ಶುರು ಮಾಡಿಸಿ, ಅದರ ಡಬ್ಬಿಯ ಕೆಳಗೆ ತಮ್ಮ ಕಾಫಿ ಲೋಟ ಹಿಡಿದರು. ಹನಿ ಹನಿಯಾಗಿ ನೀರು ಬಿತ್ತು. 'ಪೆಟ್ರೋಲ್ ಉರಿದ್ರೆ ಹೊಗೆ ಮಾತ್ರ ಬರಲ್ಲಮ್ಮ, ನೀರೂ ಬರುತ್ತೆ. ಒಂದು ಲೀಟರ್ ಉರಿದ್ರೆ ಹತ್ರ ಹತ್ರ ಒಂದು ಲೀಟರ್ ನೀರು. ಗಾಡಿ ಚೆನ್ನಾಗಿ ಓಡಿ ಡಬ್ಬಿ ಕಾದ್ರೆ ಆವಿಯಾಗಿ ಹೋಗುತ್ತೆ. ತಣ್ಣಗಿದ್ರೆ ಒಳಗೇ ಕೂತ್ಕೊಂಡು ತಿನ್ನುತ್ತೆ. ಈ ತೂತಲ್ಲಿ ಸ್ವಲ್ಪನಾದ್ರೂ ಇಳಿದು ಹೋಗ್ಲಿ ಅಂತ.'

ಅರವತ್ತು ಡಬ್ಬಿಗಳಿಗೆ ಮತ್ತೆ ತೂತು ಕೊರೆದವಳು ನಾನೇ. ಎರಡು ದಿನ ಹಿಡಿಯಿತು. ಅಂಗೈಯ ಬೊಬ್ಬೆ ಮಾಯಲು ಒಂದು ವಾರ.

ಕುಪ್ಪುಸ್ವಾಮಿಯವರ ಕಾಲದಲ್ಲಿ ವಾಪಸ್ ಬಂದ ಪ್ರತಿ ಡಬ್ಬಿಯನ್ನೂ ಕೊಯ್ಯುತ್ತಿದ್ದೆವು. ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು, ಆಮೇಲೆ ಗರಗಸದ ಯಂತ್ರಕ್ಕೆ ಕೊಟ್ಟು ಉದ್ದಕ್ಕೆ ಸೀಳುವುದು, ಒಳಗೂ ಹೊರಗೂ ಕೆರೆದು ತುಕ್ಕು ಯಾವ ಕಡೆಯಿಂದ ತಿಂದಿದೆ ಎಂದು ನೋಡುವುದು, ಕೊನೆಗೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವುದು. ಇಷ್ಟಾದರೂ ತಲೆ ಕೆಡುವುದು ತಪ್ಪುತ್ತಿರಲಿಲ್ಲ. ಆನೇಕಲ್ಲಿನ ಒಬ್ಬ ರೇಷ್ಮೆ ವ್ಯಾಪಾರಿಯ ಕಾರಿನ ಡಬ್ಬಿ ಮೂರು ಸಲ ತೂತಾಯಿತು. ಆತ ದಿನವೂ ದೂರ ಓಡಿಸುವವನು. ನಾವು ಎರಡು ಸಲ ಅವನ ಮನೆಗೆ ಹೋಗಿ ಬಾವಿಯ ನೀರು ನೋಡಿದೆವು, ಕಾರು ನಿಲ್ಲಿಸುವ ನೆಲ ನೋಡಿದೆವು, ಪಕ್ಕದ ಕೊಟ್ಟಿಗೆಯ ಗಂಜಲ ಹರಿಯುವ ಕಾಲುವೆಯನ್ನೂ ನೋಡಿದೆವು. ಒಂದಕ್ಕೊಂದು ತಾಳೆಯಾಗಲಿಲ್ಲ. ಕುಪ್ಪುಸ್ವಾಮಿ ನೋಟ್‌ಬುಕ್ಕಿನಲ್ಲಿ 'ಕಾರಣ ತಿಳಿಯಲಿಲ್ಲ' ಎಂದು ಬರೆದು ಸಹಿ ಹಾಕಿದರು.

ನನಗೆ ನಾಚಿಕೆಯಾಯಿತು. 'ಸಾರ್, ಹೀಗೆ ಬರೆದ್ರೆ ನಮ್ಮನ್ನ ಏನಂದ್ಕೋತಾರೆ?'

'ದಡ್ರು ಅಂದ್ಕೋತಾರೆ. ಅಂದ್ಕೊಳ್ಳಲಿ ಬಿಡಮ್ಮ. ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಬರೆದ್ರೆ ಅದು ಹೋಗಿ ಯಾರ್ದೋ ತಲೆ ಮೇಲೆ ಬೀಳುತ್ತೆ.'

ಅವರು ನಿವೃತ್ತರಾದರು. ನಡುವಿನ ವರ್ಷಗಳಲ್ಲಿ ನನಗೆ ಸಿಕ್ಕ ಹುದ್ದೆಗಳ ಹೆಸರು ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಆದರೆ ಕೆಲಸದ ರೀತಿ ಬದಲಾದದ್ದನ್ನು ಹೇಳಲೇಬೇಕು. ಹೊಸ ಮ್ಯಾನೇಜರ್ ರಘುನಂದನ್ ಬಂದ ಮೇಲೆ ನೋಟ್‌ಬುಕ್ ಹೋಗಿ ಮೊಬೈಲ್ ಬಂತು. ತೂತಾದ ಡಬ್ಬಿಯನ್ನು ಕಾರ್ಖಾನೆಗೆ ತರಿಸುವುದು ದಂಡ, ಕಾರಿರುವಲ್ಲಿಗೇ ಹೋಗಿ ಆರು ಫೋಟೋ ತೆಗೆದು ಆ್ಯಪ್‌ಗೆ ಹಾಕಿದರೆ ಸಾಕು ಎಂದಾಯಿತು. ಕಾರಣ ಎಂಬಲ್ಲಿ ಬೆರಳಿಟ್ಟರೆ ನಾಲ್ಕು ಸಾಲು ತೆರೆದುಕೊಳ್ಳುತ್ತಿದ್ದವು: ತಗಡಿನ ದೋಷ, ಬೆಸುಗೆಯ ದೋಷ, ಅಪಘಾತ, ಬಾಹ್ಯ ಕಾರಣ. ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಒತ್ತದಿದ್ದರೆ ಮುಂದಿನ ಪುಟಕ್ಕೆ ಹೋಗುವುದೇ ಇಲ್ಲ. 'ತಿಳಿಯಲಿಲ್ಲ' ಎನ್ನುವ ಸಾಲು ಅಲ್ಲಿರಲಿಲ್ಲ.

ರಘುನಂದನ್ ಕೆಟ್ಟವರಲ್ಲ. ಚುರುಕಿನ ಮನುಷ್ಯ, ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಎರಡು ಸಲ ನಾನು ಆ ಸಾಲು ಸೇರಿಸಿ ಎಂದು ಕೇಳಿದೆ. 'ಮೇಡಂ, ಆ ಆಪ್ಷನ್ ಇಟ್ರೆ ಎಲ್ರೂ ಅದನ್ನೇ ಒತ್ತುತಾರೆ' ಎಂದರು. ಅದೂ ನಿಜವೇ.

ನನ್ನ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಕೊರೋನಾ ಕಾಲದಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದವರನ್ನು ಆಫೀಸುಗಳು ವಾರಕ್ಕೆ ಎರಡು ಮೂರು ದಿನ ಕರೆಯತೊಡಗಿದ್ದವು. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಿಂದ ಆಗ ದೂರುಗಳು ಶುರುವಾದವು. ಹೊಸದರಂತೆ ಹೊಳೆಯುವ ಕಾರುಗಳು ಗೇಟು ದಾಟುವಾಗ ಟ್ರ್ಯಾಕ್ಟರಿನಂತೆ ಅಬ್ಬರಿಸುತ್ತಿದ್ದವು. ಒಂದೇ ನೆಲಮಾಳಿಗೆಯಿಂದ ಹನ್ನೊಂದು ದೂರು. ಎಲ್ಲವೂ ನಮ್ಮ ಡಬ್ಬಿಗಳೇ.

ನಾನು ಹೋದೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಪ್ರಶಾಂತ್, ನಲವತ್ತರ ಆಸುಪಾಸಿನ ಸಾಫ್ಟ್‌ವೇರ್ ಮ್ಯಾನೇಜರ್, ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡೇ ನನ್ನನ್ನು ಕೆಳಗೆ ಕರೆದೊಯ್ದರು. 'ನೋಡಿ ಮೇಡಂ, ಓಡ್ಸೇ ಇಲ್ಲ ಈ ಗಾಡಿಗಳ್ನ. ಓಡ್ಸದೇ ಇರೋದು ಹೆಂಗ್ ಸವೆಯುತ್ತೆ?'

ಅದೇ ನನ್ನ ಪ್ರಶ್ನೆಯೂ ಆಗಿತ್ತು. ಹಳೆಯ ಬೆಡ್‌ಶೀಟ್ ಹಾಸಿಕೊಂಡು ಒಂದೊಂದೇ ಕಾರಿನ ಕೆಳಗೆ ತೂರಿದೆ. ಎರಡು ತೂತಾದ ಕಾರುಗಳ ನಡುವೆ ಒಂದು ಏನೂ ಆಗದ ಕಾರು. ತಳದ ಸಣ್ಣ ತೂತುಗಳು ಎಲ್ಲವೂ ತೆರೆದೇ ಇದ್ದವು. ಡಬ್ಬಿಯ ಹೊರಮೈ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಚಕ್ರದ ಸಂದುಗಳಲ್ಲಿ ಬಿಳಿಯ ಉಪ್ಪಿನ ಪೊರೆ. ಮೂಲೆಯಲ್ಲಿ ಒಂದು ನಲ್ಲಿ. ಅದರಲ್ಲಿ ಬರುವುದು ಕಟ್ಟಡದ ಕೊಳಚೆಯನ್ನೇ ಶುದ್ಧಿ ಮಾಡಿ ಕ್ಲೋರಿನ್ ಬೆರೆಸಿದ ನೀರು. ಉಪ್ಪು ಅಳೆಯುವ ಕಾಗದದ ಪಟ್ಟಿ ಅದ್ದಿದರೆ ಬಣ್ಣ ಗಾಢವಾಯಿತು. ಉಪ್ಪು ಜಾಸ್ತಿ.

ಅಷ್ಟರಲ್ಲಿ ಬಕೆಟ್ ಹಿಡಿದು ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಸೀರೆಯ ಮೇಲೆ ಗಂಡಸರ ಅಂಗಿ. ಕಾರು ತೊಳೆಯುವವಳು ಇವಳೇ ಎಂದರು ಪ್ರಶಾಂತ್.

'ಯಾವ ನೀರಲ್ಲಿ ತೊಳೀತೀರಮ್ಮ?' ಎಂದೆ.

'ಈ ನಳದ್ದೇ ರೀ ಅಕ್ಕಾರೆ. ಕೆಳಗ ಬ್ಯಾರೆ ನಳ ಇಲ್ರಿ.'

'ಕಾರಿನ ಅಡಿಗೂ ಹಾಕ್ತೀರಾ?'

'ಗಾಲಿ ತೊಳಿಯಾಕ ಹೊಡಿತೀನ್ರಿ.' ಆಮೇಲೆ ನಾನು ಕೇಳದಿದ್ದರೂ ಹೇಳಿದಳು, ಮುಖದಲ್ಲಿ ಒಂದು ಹೆಮ್ಮೆ ಇತ್ತು: 'ತೊಳಿಯೋದು ಅಷ್ಟ ಅಲ್ರಿ, ಚಾಲೂನೂ ಮಾಡ್ತಿದ್ದೆ. ಎಲ್ಲಾರ ಚಾವಿ ನನ್ನ ಹತ್ರನ ಇದ್ವು. ಮೂರು ವರ್ಷ ದಿನಾ ಇಪ್ಪತ್ತೆರಡು ಕಾರು ಚಾಲೂ ಮಾಡೀನ್ರಿ, ಒಂದೂ ಮುಂದಕ್ಕ ಹೋಗಿಲ್ಲ ನೋಡ್ರಿ!'

ಅವಳು ನಕ್ಕಳು. ನಾನೂ ನಕ್ಕೆ. ಆ ಮಾತನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಇಲ್ಲಿ ನಿಂತು ಒಂದು ವಿಷಯ ಹೇಳಬೇಕು. ಆ ಹೊತ್ತಿಗೆ ನನಗೆ ಸಮಾಧಾನ ಇರಲಿಲ್ಲ. ಹೊರಗಿನ ನೀರು ಕಾರಣವಾಗಿದ್ದರೆ ನಡುವಿನ ಕಾರು ಹೇಗೆ ಉಳಿಯಿತು? ಡಬ್ಬಿಯೊಂದನ್ನು ಬಿಚ್ಚಿಸಿ ಪೀಣ್ಯಕ್ಕೆ ಒಯ್ದು ಸೀಳಿ ನೋಡಬೇಕು ಎಂದು ಅನ್ನಿಸಿತು. ಆದರೆ ಅದಕ್ಕೆ ಕಾರಿನವರು, ಕಾರು ಕಂಪನಿ, ನಮ್ಮ ಕಂಪನಿ ಹೀಗೆ ಮೂರು ಕಡೆಯ ಒಪ್ಪಿಗೆ ಬೇಕಿತ್ತು, ಮತ್ತು ಆ ಸಂಜೆಯೊಳಗೆ ಉತ್ತರ ಬೇಕು ಎಂದು ರಘುನಂದನ್ ಎರಡು ಸಲ ಫೋನ್ ಮಾಡಿದ್ದರು. ಎದುರಿಗೆ ಕಿತ್ತಳೆ ತುಕ್ಕು ಕಾಣುತ್ತಿತ್ತು, ಕೈಯಲ್ಲಿ ಗಾಢ ಬಣ್ಣದ ಪಟ್ಟಿ ಇತ್ತು. 'ಬಾಹ್ಯ ಕಾರಣ' ಒತ್ತಿದೆ. ವಿವರ ಎಂಬಲ್ಲಿ 'ಕ್ಲೀನರ್ ತೊಳೆಯುವ ವಿಧಾನ ಸರಿಯಿಲ್ಲ' ಎಂದು ಬರೆದೆ. ಹನ್ನೊಂದಕ್ಕೂ ಅದೇ ಸಾಲು ಅಂಟಿಸಿದೆ. ಒಂದೇ ಭೇಟಿಯಲ್ಲಿ ಮುಗಿಸಿದಿರಿ ಎಂದು ರಘುನಂದನ್ ಸಂತೋಷಪಟ್ಟರು.

ಮೂರು ತಿಂಗಳಾದ ಮೇಲೆ ನನಗೊಂದು ಫೋನ್ ಬಂತು. ಅದೇ ಅಪಾರ್ಟ್‌ಮೆಂಟಿನ ವಿಶಾಲಾಕ್ಷಿ ಎನ್ನುವವರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ನಮ್ಮೂರಿನ ಪಕ್ಕದ ಚಿತ್ರದುರ್ಗದ ಕಡೆಯವರು. ಪೀಠಿಕೆಯಿಲ್ಲದೆ ಶುರು ಮಾಡಿದರು.

'ನಿಮ್ಮ ರಿಪೋರ್ಟಿನಲ್ಲಿ ಒಂದು ಲೆಕ್ಕ ತಪ್ಪಿದೆ. ಈಗ ನನ್ನ ಕಾರೂ ತೂತಾಗಿದೆ. ನನ್ನ ಕಾರಿಗೆ ಯಾರೂ ನೀರು ಮುಟ್ಟಿಸೋದಿಲ್ಲ. ಕವರ್ ಹಾಕಿಟ್ಟು, ಒಣ ಬಟ್ಟೇಲಿ ನಾನೇ ಒರೆಸ್ಕೋತೀನಿ. ಮತ್ತೆ ಶರಣಮ್ಮ ಹೇಗೆ ಕಾರಣ?'

'ಶರಣಮ್ಮ ಯಾರು ಮೇಡಂ?'

'ನಿಮ್ಮ ರಿಪೋರ್ಟಿನಿಂದ ಕೆಲಸ ಕಳ್ಕೊಂಡೋಳು. ಹೆಸರೂ ಕೇಳಿರಲಿಲ್ವಾ ನೀವು?'

ಕೇಳಿರಲಿಲ್ಲ. ನನ್ನ ಸಾಲನ್ನು ಪ್ರಶಾಂತ್ ನಿವಾಸಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದರಂತೆ. ಯಾರೋ ಅದಕ್ಕೆ ಅವಳ ಫೋಟೋ ಸೇರಿಸಿ, ಇವಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಎಂದು ಸುತ್ತಲಿನ ನಾಲ್ಕು ಅಪಾರ್ಟ್‌ಮೆಂಟುಗಳಿಗೂ ಕಳಿಸಿದ್ದರಂತೆ. ಅದೇ ವಾರ ಅವಳನ್ನು ಕೆಲಸದಿಂದ ತೆಗೆದಿದ್ದರು.

ಮಾರನೆಯ ದಿನ ರಜೆ ಹಾಕಿ ವಿಶಾಲಾಕ್ಷಿಯವರ ಮನೆಗೆ ಹೋದೆ. ಅವರು ಆಗಲೇ ಹೊಸ ಡಬ್ಬಿ ಹಾಕಿಸಿಕೊಂಡಿದ್ದರು. ಹಳೆಯದು ಬಾಲ್ಕನಿಯಲ್ಲಿ, ಮಲ್ಲಿಗೆಯ ಕುಂಡದ ಪಕ್ಕ ಇತ್ತು. 'ತಗೊಂಡು ಹೋಗಿ ಕೊಯ್ದು ನೋಡ್ರಿ. ಉತ್ತರ ನನಗೂ ಬೇಕು' ಎಂದರು. ಗೋಣಿಚೀಲದಲ್ಲಿ ಸುತ್ತಿಕೊಂಡು ಮೆಟ್ರೋ ನಿಲ್ದಾಣಕ್ಕೆ ಹೋದರೆ, ಚೀಲ ತಪಾಸಣೆಯ ಯಂತ್ರದೊಳಗೆ ಹೋಗುತ್ತಲೇ ಕಾವಲಿನ ಹೆಣ್ಣುಮಗಳು ಎದ್ದು ನಿಂತಳು.

'ಏನ್ ಮೇಡಂ ಇದು?'

'ಕಾರಿನ ಸೈಲೆನ್ಸರಮ್ಮ.'

'ಕಾರ್ ಎಲ್ಲಿ?'

ಒಳಗೆ ಬಿಡಲಿಲ್ಲ. ಮಾರತ್ತಹಳ್ಳಿಯಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಮೂರು ಗಂಟೆಯ ಹೊತ್ತಿಗೆ ಪೀಣ್ಯ ಮುಟ್ಟಿದೆ. ದಾರಿಯುದ್ದಕ್ಕೂ ಅದು ಒಳಗೆ ಗಳಗಳ ಅನ್ನುತ್ತಿತ್ತು. ಎಷ್ಟೋ ವರ್ಷ ಇಂಥ ಡಬ್ಬಿಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸಿದವಳು ನಾನು. ಅದೊಂದು ದಿನ ನೆಲಮಾಳಿಗೆಯಲ್ಲಿ ಮಾತ್ರ ಅಲ್ಲಾಡಿಸಿರಲಿಲ್ಲ.

ಗರಗಸದ ಯಂತ್ರದಲ್ಲಿ ಇನ್ನೂ ಹಳೆಯ ಪಾಷಾ ಇದ್ದ. ಡಬ್ಬಿಯನ್ನು ಸೀಳಿದ. ತೂತುಗಳಿಗೆ ಎಟುಕದ ಒಳಮೂಲೆಯಿಂದ ಅರ್ಧ ಲೋಟದಷ್ಟು ಕಂದು ನೀರು ನೆಲಕ್ಕೆ ಬಿತ್ತು, ಹುಳಿ ವಾಸನೆ. ಒಳಗಿನ ಹಾಳೆಗಳು ಸುಟ್ಟ ಹಪ್ಪಳದಂತೆ ಬೆರಳಿಟ್ಟಲ್ಲೆಲ್ಲ ಮುರಿದವು. ಹೊರಮೈಯ ಕಿತ್ತಳೆ ತುಕ್ಕನ್ನು ಕೆರೆದರೆ ಅದರಡಿ ಹೊಳೆಯುವ ಉಕ್ಕು. ತುಕ್ಕು ತಿಂದದ್ದು ಪೂರ್ತಿ ಒಳಗಿನಿಂದ. ಹೊರಗಿನದು, ಯಾರೂ ನೀರು ಮುಟ್ಟಿಸದ ಈ ಕಾರಿಗೂ ಬಂದಿದ್ದ ಬರೀ ಬಣ್ಣ.

'ಹೊರಗೆ ಹುಡುಕಿದ್ರಾ ಮೇಡಂ ನೀವು?' ಎಂದ ಪಾಷಾ. ಅವನು ತಮಾಷೆಗೆ ಅಂದಿರಲಿಲ್ಲ.

ಅಲ್ಲಿಂದಲೇ ವಿಶಾಲಾಕ್ಷಿಯವರಿಗೆ ಫೋನ್ ಮಾಡಿದೆ. 'ನೀವು ಕಾರು ಎಷ್ಟು ದೂರ ಓಡಿಸ್ತಿದ್ರಿ?'

'ಓಡಿಸ್ತಾನೇ ಇರಲಿಲ್ಲ. ಬ್ಯಾಟರಿ ಕೆಡಬಾರ್ದು ಅಂತ ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಸ್ತಿದ್ದೆ, ಅಷ್ಟೇ. ಎಲ್ರೂ ಹಾಗೇ ಮಾಡ್ತಿದ್ರು. ಸಂಘದೋರೇ ಮೆಸೇಜ್ ಹಾಕಿದ್ರಲ್ಲ. ಕೀ ಶರಣಮ್ಮನ ಹತ್ರ ಇರ್ತಿತ್ತು.'

ಆಗ ನನ್ನ ಕಿವಿಗೆ ನೆಲಮಾಳಿಗೆಯ ಅವಳ ನಗು ಮರಳಿ ಬಂತು. ಇಪ್ಪತ್ತೆರಡು ಕಾರು ಚಾಲೂ ಮಾಡೀನ್ರಿ, ಒಂದೂ ಮುಂದಕ್ಕ ಹೋಗಿಲ್ಲ. ಐದು ನಿಮಿಷಕ್ಕೆ ಡಬ್ಬಿ ಕಾಯುವುದಿಲ್ಲ. ದಿನ ದಿನವೂ ನೀರು ಇಳಿಯುತ್ತದೆ, ಒಂದು ದಿನವೂ ಒಣಗುವುದಿಲ್ಲ. ಸಣ್ಣ ತೂತಿನಿಂದ ಅಷ್ಟೆಲ್ಲ ಹೋಗಲಾರದು. ಇಡೀ ಉತ್ತರವನ್ನು ಅವಳು ಮೊದಲ ದಿನವೇ ನನ್ನ ಕೈಗೆ ಕೊಟ್ಟಿದ್ದಳು.

ಇಡೀ ಉತ್ತರ ಎಂದೆನೇ? ಅಲ್ಲಿಯೂ ಗೊಂದಲವೇ. ಏನೂ ಆಗದೆ ಉಳಿದಿದ್ದ ನಡುವಿನ ಕಾರಿನ ವಿಷಯ ಕೇಳಿದೆ. ಅದನ್ನೂ ಶರಣಮ್ಮ ದಿನಾ ಐದು ನಿಮಿಷ ಚಾಲೂ ಮಾಡಿದ್ದಳು. ನಮ್ಮ ದಾಖಲೆ ತೆಗೆದು ನೋಡಿದರೆ ಅದರ ಡಬ್ಬಿ ಉಳಿದವಕ್ಕಿಂತ ಒಂದು ವರ್ಷ ಹಳೆಯದು. ಅದಾದ ಮೇಲೆ ನಾವು ತಗಡನ್ನು ಸ್ವಲ್ಪ ತೆಳ್ಳಗೆ ಮಾಡಿದ್ದೆವು. ಹಾಗಾದರೆ ತಪ್ಪು ಐದು ನಿಮಿಷದ್ದೋ, ತೆಳ್ಳನೆಯ ತಗಡಿನದ್ದೋ? ಅದೇ ತಗಡಿನ ಡಬ್ಬಿಗಳು ತುಮಕೂರು ರಸ್ತೆಯಲ್ಲಿ ದಿನವೂ ಓಡುವ ಕಾರುಗಳಲ್ಲಿ ಚೆನ್ನಾಗಿಯೇ ಇದ್ದವು.

ರಘುನಂದನ್ ಮುಂದೆ ಸೀಳಿದ ಡಬ್ಬಿ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. 'ಎರಡೂ ಕಾರಣ ಅಂತ ಬರೀಬೇಕು' ಎಂದೆ.

'ಎರಡು ಒತ್ತಿದ್ರೆ ಸಿಸ್ಟಮ್ ತಗೊಳಲ್ಲ ಮೇಡಂ.'

'ಹಾಗಾದ್ರೆ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡ್ತೀನಿ.'

'ಬರೆದ್ರೆ ನಮ್ಮ ತಗಡಿನ ವಿಷ್ಯ ಕಾರ್ ಕಂಪನಿಗೆ ಗೊತ್ತಾಗುತ್ತೆ. ನೀವು ರಿಟೈರ್ ಆಗ್ತೀರಿ. ನಾನು ಇಲ್ಲೇ ಇರ್ತೀನಿ.' ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ನಿಜವಾದ ಭಯ ಇತ್ತು. ಕೊನೆಗೆ ಅವರೇ, 'ಬರೀರಿ. ಆದ್ರೆ ಗೊತ್ತಿರೋದಷ್ಟೇ ಬರೀರಿ' ಎಂದರು. ಒಂದೂವರೆ ಪುಟ ಬರೆದೆ. ತುಕ್ಕು ಒಳಗಿನದು, ತೊಳೆದವಳಿಗೂ ಅದಕ್ಕೂ ಸಂಬಂಧವಿಲ್ಲ, ಹಿಂದಿನ ಹನ್ನೊಂದು ವರದಿಗಳು ನನ್ನ ತಪ್ಪು, ದಿನದ ಐದು ನಿಮಿಷ ಮತ್ತು ತಗಡಿನ ದಪ್ಪ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ತಿಳಿಯಲಿಲ್ಲ. ಈ ಕಾಗದ ಕಾರು ಕಂಪನಿಗೆ ಹೋಯಿತು. ಅವರು ಡಬ್ಬಿಗಳನ್ನು ಬದಲಿಸಿ ಕೊಟ್ಟರು. ತಗಡು ಮತ್ತೆ ದಪ್ಪವಾಯಿತೇ ಎಂದು ಕೇಳಬೇಡಿ. ನಾನು ಇರುವವರೆಗೆ ಆಗಿರಲಿಲ್ಲ.

ಆ ಭಾನುವಾರ ಸೀಳಿದ ಡಬ್ಬಿಯೊಂದಿಗೆ ಅಪಾರ್ಟ್‌ಮೆಂಟಿನ ಸಭೆಗೆ ಹೋದೆ. ಮೇಜಿನ ಮೇಲೆ ಇಟ್ಟು ಎಲ್ಲ ವಿವರಿಸಿದೆ. ಪ್ರಶಾಂತ್ ಎದ್ದು ನಿಂತರು. 'ಮೇಡಂ, ಆ ಫೈವ್ ಮಿನಿಟ್ಸ್ ಮೆಸೇಜ್ ನಾನೇ ಹಾಕಿದ್ದು. ಎಲ್ಲೋ ಓದಿದ್ದೆ. ಬ್ಯಾಟರಿ ಅಂತೂ ಒಬ್ರದ್ದೂ ಹೋಗ್ಲಿಲ್ಲ' ಎಂದರು. ಅದೂ ಸರಿಯೇ, ಬ್ಯಾಟರಿಗಳು ಉಳಿದಿದ್ದವು. ಎಲ್ಲರೂ ಡಬ್ಬಿಯನ್ನು ಮುಟ್ಟಿ ನೋಡಿದರು, ಫೋಟೋ ತೆಗೆದರು, ಶರಣಮ್ಮನನ್ನು ವಾಪಸ್ ಕರೆಯೋಣ ಎಂದು ಒಪ್ಪಿದರು. ನನಗೆ ಒಳ್ಳೆಯ ಕಾಫಿ ಕೊಟ್ಟರು. ಕುಡಿದು ಬಂದೆ.

ಅವಳು ಸರ್ಜಾಪುರದಲ್ಲಿ ಇದ್ದಾಳೆ ಎಂದು ಅಪಾರ್ಟ್‌ಮೆಂಟಿನ ಕಾವಲುಗಾರನಿಂದ ತಿಳಿಯಿತು. ಶಹಾಪುರದ ಕಡೆಯವರು ಹತ್ತಾರು ಮನೆ ಬಾಡಿಗೆಗೆ ಹಿಡಿದಿರುವ ಒಂದು ಸಾಲು ಕೋಣೆಗಳ ಮುಂದೆ, ಜೋಳದ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಳು. ನನ್ನ ಗುರುತು ಹಿಡಿದಳು. ಏಳಲಿಲ್ಲ. ಒಳಗಿನಿಂದ ಅವಳ ಗಂಡ ಇಣುಕಿ ನೋಡಿ ಮತ್ತೆ ಒಳಗೆ ಹೋದ.

ನಿಂತುಕೊಂಡೇ ಹೇಳಿದೆ. ನೀರಿನಿಂದ ಆದದ್ದಲ್ಲ, ನಿಮ್ಮ ತಪ್ಪಲ್ಲ, ನಾನು ಸರಿಯಾಗಿ ನೋಡದೆ ಬರೆದೆ, ದಿನಾ ಬರೀ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸಿದ್ದರಿಂದ ಒಳಗೆ ನೀರು ನಿಂತು ಕೆಟ್ಟಿದೆ.

ಅವಳ ಕೈ ಜರಡಿಯ ಮೇಲೆ ನಿಂತಿತು. 'ಹಂಗಾರ ನಾ ಚಾಲೂ ಮಾಡಿದ್ದಕ್ಕ ಕೆಟ್ಟಾವೇನ್ರಿ?'

ನಾನು ಅವಳ ಮೇಲಿನ ಆರೋಪ ತೆಗೆಯಲು ಹೋದವಳು. ಒಂದನ್ನು ತೆಗೆದು ಇನ್ನೊಂದನ್ನು ಅವಳ ಕೈಯಲ್ಲಿ ಇಟ್ಟಿದ್ದೆ. 'ಅವರು ಹೇಳಿದ್ದನ್ನ ನೀವು ಮಾಡಿದ್ರಿ ಶರಣಮ್ಮ' ಎಂದೆ.

'ಹೇಳಿದಾವ್ರಿಗೆ ಏನಂದ್ರಿ?'

ಏನೂ ಅಂದಿರಲಿಲ್ಲ.

'ನನಗ ಹೊಳ್ಳಿ ಬರೂದು ಬ್ಯಾಡ್ರಿ ಅಕ್ಕಾರೆ. ಇಲ್ಲೇ ಒಂದು ಅಪಾರ್ಟ್‌ಮೆಂಟಿನ್ಯಾಗ ಕಸ ಹೊಡಿಯಾಕ ತಗೊಂಡಾರ. ನನ್ನ ಫೋಟೋ ಇಲ್ಲಿಗೂ ಬಂದಿತ್ರಿ. ಸೂಪರ್‌ವೈಜರ್ ಅದನ್ನ ತೋರ್ಸಿ, ನೀನೇ ಏನ ಇಕಿ ಅಂತ ಕೇಳಿದ. ನನ್ನ ಮಗಳೂ ಬಾಜೂಕ ನಿಂತಿದ್ಳು.' ಮತ್ತೆ ಜರಡಿ ಆಡಿಸಿದಳು. 'ಆ ಫೋಟೋ ಎಲ್ಲೆಲ್ಲಿ ಹೋಗ್ಯಾದೋ ಅಲ್ಲೆಲ್ಲ ಈಗ ನೀವು ಹೇಳಿದ್ದೂ ಹೋಗಬೇಕ್ರಿ. ಅಷ್ಟ ಮಾಡ್ರಿ.'

ಅಲ್ಲಿಂದ ಸೀದಾ ವೈಟ್‌ಫೀಲ್ಡಿಗೆ ಹೋದೆ. ಪ್ರಶಾಂತ್ ಬಾಗಿಲು ತೆರೆದಾಗ, ಅಂದು ಕಾಫಿ ಕುಡಿಯುತ್ತ ಹೇಳದೆ ಬಿಟ್ಟದ್ದನ್ನು ಹೇಳಿದೆ: 'ಹೇಳಿದೋರು ನೀವು, ಬರೆದೋಳು ನಾನು. ಆದ್ರೆ ಊರೆಲ್ಲ ತಿರುಗಿದ್ದು ಆಕೆಯ ಮುಖ.'

ಅವರು ನನ್ನನ್ನು ಒಳಗೆ ಕರೆದರು. ಇಬ್ಬರೂ ಊಟದ ಮೇಜಿಗೆ ಕೂತು ಬರೆದೆವು. ಅವರ ಮೊದಲ ಕರಡಿನಲ್ಲಿ 'ಒಂದು ತಪ್ಪು ತಿಳುವಳಿಕೆಯಾಗಿತ್ತು' ಎಂದಿತ್ತು. ಯಾರ ತಪ್ಪು ತಿಳುವಳಿಕೆ ಎಂದು ಕೇಳಿದೆ. ಎರಡನೆಯದರಲ್ಲಿ ಶರಣಮ್ಮನ ಹೆಸರಿರಲಿಲ್ಲ. ಐದನೆಯದರಲ್ಲಿ ಎಲ್ಲ ಬಂತು: ಅವಳ ಹೆಸರು, ಅವರ ಹೆಸರು, ನನ್ನ ಹೆಸರು, ಸೀಳಿದ ಡಬ್ಬಿಯ ಫೋಟೋ. ಅದು ನಾಲ್ಕು ಗುಂಪುಗಳಿಗೂ ಹೋಯಿತು, ಅಲ್ಲಿಂದ ಸರ್ಜಾಪುರಕ್ಕೂ ಹೋಯಿತು. ಮೊದಲಿನ ಫೋಟೋ ಹೋದಷ್ಟು ದೂರ ಹೋಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಅಳೆಯುವ ಉಪಕರಣ ನನ್ನ ಚೀಲದಲ್ಲಿ ಇರಲಿಲ್ಲ.

ನಿವೃತ್ತಳಾಗಿ ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಶರಣಮ್ಮನ ಫೋನ್ ಬಂತು. ಕುಶಲ ವಿಚಾರಿಸಿದಳು. ಮಗಳು ಹತ್ತನೇ ತರಗತಿಗೆ ಬಂದಿದ್ದಳಂತೆ. ಆಮೇಲೆ ವಿಷಯಕ್ಕೆ ಬಂದಳು.

'ಇಲ್ಲಿ ಒಬ್ಬರು ಸಾಹೇಬ್ರು ಎರಡು ತಿಂಗಳು ಊರಿಗೆ ಹೊಂಟಾರ್ರಿ. ಕಾರು ದಿನಾ ಚಾಲೂ ಮಾಡು ಅಂತ ಚಾವಿ ಕೊಡಾಕ ಬಂದಾರ. ತಗೊಳ್ಲೇನ್ರಿ, ಬಿಡ್ಲೇನ್ರಿ?'

ಮೂವತ್ತೊಂದು ವರ್ಷ ಜನ ನನ್ನನ್ನು ಕೇಳಿದ್ದೆಲ್ಲ ಕೆಟ್ಟ ಮೇಲೆ. ಕೆಡುವ ಮುಂಚೆ ಕೇಳಿದವಳು ಇವಳೊಬ್ಬಳೇ. ನನಗೆ ಗಾಬರಿಯಾಯಿತು. ತಪ್ಪು ಹೇಳಿಬಿಟ್ಟರೆ ಮತ್ತೆ ಹೋಗಿ ಬೀಳುವುದು ಅವಳ ಮೇಲೆಯೇ.

'ಮೊದ್ಲು ಒಂದು ಕೆಲಸ ಮಾಡಿ' ಎಂದೆ. 'ಅವರು ಏನು ಮಾಡು ಅಂತಾರೋ ಅದನ್ನ ಅವರ ಕೈಯಿಂದಲೇ ಮೆಸೇಜ್ ಹಾಕಿಸ್ಕೊಳ್ಳಿ. ನಾಳೆ ಏನಾದ್ರೂ ಆದ್ರೆ ನಿಮ್ಮ ಮೇಲೆ ಬರಬಾರ್ದು.'

'ಅದನ್ನ ಆಗಲೇ ಹಾಕಿಸ್ಕೊಂಡೀನ್ರಿ ಅಕ್ಕಾರೆ' ಎಂದಳು ಶರಣಮ್ಮ. 'ನಾ ಕೇಳಿದ್ದು ಕಾರಿಗೆ ಏನಾಕ್ಕತಿ ಅಂತ.'